ನೀರುಗಂಟಿ ಮನೆಯ ಕದಿರಮ್ಮ ಕಡಲಿಗೆ ಹೋದದ್ದು

ಕದಿರಮ್ಮನ ಮುತ್ತಾತ ಎರ್ರಪ್ಪ ದಿಬ್ಬೂರಹಳ್ಳಿ ಸೀಮೆಯಲ್ಲಿ ನೀರುಗಂಟಿಯಾಗಿದ್ದವನು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ಸರದಿ ನಡೆಸುವುದು ಆ ಮನೆತನದ ಕೆಲಸ. ಒಂದು ವರ್ಷ ಹಸ್ತದ ಮಳೆ ಮೂರು ದಿನ ಬಿಡದೆ ಹೊಯ್ದು ತೂಬಿನ ಬುಡ ಕಿತ್ತುಕೊಂಡಿತು. ಊರವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಗುಡ್ಡ ಹತ್ತಿದರೆ, ಎರ್ರಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಹುಲ್ಲು ಜೇಡಿಮಣ್ಣು ತುಂಬಿದ ಗೋಣಿಯನ್ನು ಎದೆಗವಚಿಕೊಂಡು ನೀರಿಗಿಳಿದ. ಐದು ಸಲ ಮುಳುಗಿದ. ಐದನೆಯ ಸಲ ಮೇಲೆ ಬಂದಾಗ ಕಿವಿಯಿಂದ ರಕ್ತ ಇಳಿಯುತ್ತಿತ್ತು, ಕೆರೆ ನಿಂತಿತ್ತು. ಸಾಯುವ ತನಕ ಅವನಿಗೆ ಆ ಕಿವಿ ಕೇಳಿಸಲಿಲ್ಲ.

ಅವನ ಮಗ ನಲ್ಲಪ್ಪ ಇನ್ನೊಂದು ಬಗೆಯ ಗಟ್ಟಿಗ. ಸರದಿ ತಪ್ಪಿಸಿ ನೀರು ಬಿಡೆಂದು ದೊಡ್ಡ ಜಮೀನಿನವರ ಆಳುಗಳು ಅವನನ್ನು ಹುಣಸೆ ಮರಕ್ಕೆ ಕಟ್ಟಿಹಾಕಿದರು. ಒಂದು ಹಗಲೆಲ್ಲ ಇರುವೆ ಕಚ್ಚಿಸಿಕೊಂಡು ನಿಂತನೇ ಹೊರತು ಮುಂದಿನ ಸರದಿ ಬಡ ಮುದುಕಿಯೊಬ್ಬಳದು ಎಂಬ ಮಾತನ್ನು ಬದಲಿಸಲಿಲ್ಲ. ಊರ ಬಾವಿಗೆ ಆ ಮನೆಯವರು ಬಿಂದಿಗೆ ಇಳಿಸುವಂತಿರಲಿಲ್ಲ. ಊರಿನ ಒಂದೊಂದು ಭತ್ತದ ತೆನೆ ಮಾತ್ರ ಅವರ ಕೈಯಿಂದಲೇ ನೀರು ಕುಡಿದದ್ದು. ನಲ್ಲಪ್ಪನ ಮಗ ಕೊಂಡಪ್ಪ ಕೊಯ್ಲಿಗೆ ಮುಂಚೆ ಚಳಿಜ್ವರ ಬಂದು ಮಲಗಿದಾಗ ಅವನ ಹೆಂಡತಿ ಆಂಜಿನಮ್ಮ ಲಾಟೀನು ಹಿಡಿದು ಕೆರೆಕಟ್ಟೆಯ ಮೇಲೆ ನಿಂತು ಇಪ್ಪತ್ತು ದಿನ ನೀರು ಹಂಚಿದಳು. ಹೆಂಗಸು ತೂಬಿಗೆ ಕೈಹಾಕಿದಳಲ್ಲ ಎಂದು ಗೊಣಗಿದವರ ಗದ್ದೆಗೂ ಒಂದು ಗಳಿಗೆ ಕಡಿಮೆ ಮಾಡಲಿಲ್ಲ.

ಆ ಕೊಂಡಪ್ಪ, ಆಂಜಿನಮ್ಮರ ಮಗಳು ಕದಿರಮ್ಮ.

ಅವರ ಮನೆಯಲ್ಲಿ ಒಂದು ನಡಾವಳಿ ಇತ್ತು. ರಾತ್ರಿಯೆಲ್ಲ ನೀರು ಕಟ್ಟಿ ಬೆಳಗ್ಗೆ ಬಂದು ಮಲಗಿದವನನ್ನು ಯಾರೂ ಎಬ್ಬಿಸಕೂಡದು. ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು, ಕೋಳಿಗಳನ್ನು ಅಟ್ಟುತ್ತಿದ್ದರು. ನೆಂಟರು ಬಂದರೆ ಅಂಗಳದಲ್ಲೇ ಕೂರಿಸಿ ಪಿಸುಮಾತಿನಲ್ಲಿ ಕ್ಷೇಮ ಕೇಳುತ್ತಿದ್ದರು. ಮಲಗಿದವನು ತಾನಾಗಿ ಎದ್ದಾಗಲೇ ಎದ್ದದ್ದು. ಕದಿರಮ್ಮನ ರಕ್ತದಲ್ಲಿ ಇದು ಬೆರೆತುಹೋಗಿತ್ತು. ಅವಳ ಗಂಡ ಚೆನ್ನರಾಯಪ್ಪನ ರಕ್ತದಲ್ಲೂ ಬೆರೆತಿತ್ತು, ಏಕೆಂದರೆ ಅವನು ಆಂಜಿನಮ್ಮನ ಕಡೆಯ ತಮ್ಮ. ಮಂಚೇನಹಳ್ಳಿಯಲ್ಲಿ ಹುಟ್ಟಿ, ತಂದೆತಾಯಿ ಬೇಗ ಹೋದದ್ದರಿಂದ ಅಕ್ಕನ ಮನೆಯಲ್ಲೇ ಬೆಳೆದವನು. ಸೋದರಮಾವನನ್ನೇ ಮದುವೆಯಾದ ಕದಿರಮ್ಮ ಕೊನೆಯ ತನಕ ಅವನನ್ನು ಕರೆದದ್ದು ಮಾವ ಎಂದೇ.

ಚೆನ್ನರಾಯಪ್ಪ ಮದುವೆಗೆ ಒಂದು ವರ್ಷ ಮುಂಚೆ ನೌಕಾಪಡೆ ಸೇರಿದ್ದ. ಕೆರೆಯಲ್ಲಿ ಈಜಿದ್ದೇ ಅವನಿಗಿದ್ದ ಬಂಡವಾಳ. ಇಪ್ಪತ್ತನಾಲ್ಕು ವರ್ಷ ಕಡಲಲ್ಲಿದ್ದ. ಕೊನೆಯ ಆರೇಳು ವರ್ಷ ಕೊಚ್ಚಿಯಲ್ಲಿ ಹೊಸ ಹುಡುಗರಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದ. ಅಷ್ಟು ವರ್ಷವೂ ಕದಿರಮ್ಮ ತಾಯಿಯ ಮನೆಯಲ್ಲಿ, ಮುಕ್ಕಾಲು ಎಕರೆ ಹಿಪ್ಪುನೇರಳೆ, ನಾಲ್ಕು ತಟ್ಟೆ ರೇಷ್ಮೆಹುಳು. ವರ್ಷಕ್ಕೊಮ್ಮೆ ಅವನು ಬರುತ್ತಿದ್ದ, ಸೂರು ಸರಿಮಾಡುತ್ತಿದ್ದ, ಹೋಗುತ್ತಿದ್ದ. ಉಳಿದ ದಿನಗಳಲ್ಲಿ ಅವನಿಂದ ಬರುತ್ತಿದ್ದದ್ದು ಇನ್‌ಲ್ಯಾಂಡ್ ಕಾಗದ. ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ, ಇಲ್ಲಿ ಎಲ್ಲ ಸರಿ. ನಾಲ್ಕನೇ ಇಯತ್ತೆ ಓದಿದ್ದ ಕದಿರಮ್ಮ ಅದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದಳು. ಆಮೇಲೆ ಕಾಗದದ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು.

ಅವರಿಗೆ ಒಂದು ಹೆಣ್ಣುಮಗು ಆಗಿತ್ತು. ಆದಿಲಕ್ಷ್ಮಿ. ಅವನು ಮಗುವನ್ನು ನೋಡಿದ್ದು ಒಂದೇ ರಜೆಯಲ್ಲಿ. ಸಾವಿರದೊಂಬೈನೂರ ಎಪ್ಪತ್ತೊಂದರ ಭಾದ್ರಪದದಲ್ಲಿ, ಹದಿನಾಲ್ಕು ತಿಂಗಳ ಕೂಸು, ಗಂಟಲು ಕಟ್ಟಿ ಜ್ವರ ಬಂದು ತೀರಿಹೋಯಿತು. ಊರ ಮೇಷ್ಟರು ಕಾರ್ಡು ಬರೆದರು. ಆಗ ಯುದ್ಧದ ಸಿದ್ಧತೆಯ ಕಾಲ, ಹಡಗು ಎಲ್ಲಿತ್ತೋ ಏನೋ, ಕಾರ್ಡು ಅವನ ಕೈಸೇರಿದ್ದು ಎರಡು ತಿಂಗಳ ಮೇಲೆ. ಅವನು ಊರಿಗೆ ಬಂದದ್ದು ಮುಂದಿನ ವೈಶಾಖಕ್ಕೆ. ಬಂದವನು ಚೀಲ ಇಳಿಸಿ ಕೆರೆಕಟ್ಟೆಗೆ ಹೋಗಿ ಕುಳಿತ. ಮರುದಿನ ಸೂರಿನ ಹೆಂಚು ತಿರುವಿದ. ಹತ್ತು ದಿನ ಇದ್ದು ಹೋದ. ಮಗು ಹೇಗೆ ಹೋಯಿತೆಂದು ಕೇಳಲಿಲ್ಲ.

ಕದಿರಮ್ಮ ಕಾದಳು. ಆ ವರ್ಷ ಕೇಳಲಿಲ್ಲ, ಮರುವರ್ಷವೂ ಕೇಳಲಿಲ್ಲ. ಮಗು ಹೋದ ದಿನ ಏನೇನು ನಡೆಯಿತೆಂಬುದು ಪೂರಾ ಅವಳೊಬ್ಬಳಿಗೆ ಬಿಟ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಊರಿಗೆಲ್ಲ ಹೇಳಿದ್ದು ಬೇರೆಯೇ. ನಿಜವನ್ನು ಕೇಳುವ ಹಕ್ಕು ಇರುವವನು ಒಬ್ಬನೇ, ಅವನು ಕೇಳುತ್ತಿಲ್ಲ. ಕೇಳದವನ ಮುಂದೆ ತಾನಾಗಿ ಬಾಯಿಬಿಟ್ಟು ಹೇಳುವುದು ಅವಳ ಕೈಯಲ್ಲಿ ಆಗಲಿಲ್ಲ. ಬೇರೆ ಮಕ್ಕಳೂ ಆಗಲಿಲ್ಲ. ಆಂಜಿನಮ್ಮನೂ ತೀರಿಕೊಂಡಳು. ಹುಳುವಿಗೆ ಸೊಪ್ಪು ಹಾಕುತ್ತ ಕದಿರಮ್ಮ ಎಷ್ಟೋ ಸಲ ಆ ದಿನವನ್ನು ಮೊದಲಿಂದ ಕೊನೆಯ ತನಕ ಮನಸ್ಸಿನಲ್ಲೇ ಅವನಿಗೆ ಹೇಳಿ ನೋಡಿದ್ದಳು. ಹುಳುಗಳು ಸೊಪ್ಪು ಮೇಯುವ ಸದ್ದು ದೂರದ ಮಳೆಯ ಹಾಗಿರುತ್ತದೆ. ಅದರ ನಡುವೆ ಅವಳ ತುಟಿ ಅಲ್ಲಾಡುತ್ತಿತ್ತು.

ಎಂಬತ್ತಮೂರರಲ್ಲಿ ಚೆನ್ನರಾಯಪ್ಪ ನಿವೃತ್ತನಾಗಿ ಬಂದ. ಇನ್ನು ಮನೆಯಲ್ಲೇ ಇರುತ್ತಾನೆ, ಒಂದಲ್ಲ ಒಂದು ದಿನ ಕೇಳಿಯಾನು ಎಂದುಕೊಂಡಳು. ಅವನೋ ಹಗಲೆಲ್ಲ ಊರ ಕಟ್ಟೆಯ ಮೇಲೆ ‘ನೇವಿ ಚೆನ್ನರಾಯಪ್ಪ’ನಾಗಿ ಕುಳಿತಿರುತ್ತಿದ್ದ. ಸಂಜೆ ಒಣಗಿದ ಕೆರೆಯಂಗಳದಲ್ಲಿ ಒಂಟಿಯಾಗಿ ನಡೆಯುತ್ತಿದ್ದ. ಬೋರ್‌ವೆಲ್ಲುಗಳು ಬಂದು ಕೆರೆಯಲ್ಲಿ ಜಾಲಿ ಬೆಳೆದಿತ್ತು.

ಎಂಬತ್ತೈದರ ಡಿಸೆಂಬರಿನಲ್ಲಿ ಕೊಚ್ಚಿಯಿಂದ ಅವನ ಹಳೆಯ ಅಧಿಕಾರಿಯ ಕಾಗದ ಬಂತು. ಯಾರೋ ಪರದೇಶದವರ ಹಾಯಿದೋಣಿ ಗೋವೆಯಲ್ಲಿ ನಿಂತಿದೆ. ಯಜಮಾನ ಕಾಯಿಲೆಬಿದ್ದು ವಿಮಾನ ಹತ್ತಿ ಹೋಗಿದ್ದಾನೆ. ಎಂಜಿನ್ ಕೆಟ್ಟಿದೆ, ಹಾಯಿ ಗಟ್ಟಿಯಾಗಿದೆ. ಕೊಚ್ಚಿಗೆ ತಂದು ಮುಟ್ಟಿಸಲು ನಂಬಿಕೆಯ ಮನುಷ್ಯ ಬೇಕು, ಜೊತೆಗೆ ಇನ್ನೊಬ್ಬರಿರಲಿ.

“ಇನ್ನೊಬ್ಬರು ಯಾರು?” ಎಂದಳು ಕದಿರಮ್ಮ.

“ಗೋವೆಯಾಗೆ ಯಾರಾನ ಹುಡುಗ್ರು ಸಿಗ್ತಾರೆ.”

“ನಾನು ಬರ್ತೀನಿ.”

ಚೆನ್ನರಾಯಪ್ಪ ನಕ್ಕುಬಿಟ್ಟ. “ನೀನಾ? ಚಿಂತಾಮಣಿ ಬಸ್ಸಲ್ಲಿ ಕುಂತ್ರೆ ವಾಂತಿ ಮಾಡ್ಕೊಳ್ಳೋಳು?”

“ಮಾಡ್ಕೊಂಡ್ರೆ ಮಾಡ್ಕೋತೀನಿ. ಸಮುದ್ರ ಏನು ನಿಮ್ಮಪ್ಪಂದಾ? ಇಪ್ಪತ್ನಾಕು ವರ್ಷ ಅದೇನ್ ಮಾಡ್ಕೊಂಡಿದ್ದೆ ಅಂತ ನಾನೂ ನೋಡ್ಬೇಕು ಮಾವ.”

“ಕೆಲಸ ಐತೆ ಕಣೇ ಅಲ್ಲಿ. ಜಾತ್ರೆ ಅಲ್ಲ.”

“ನಾಕನೇ ಜ್ವರ ಎದ್ದ ಹುಳಕ್ಕೆ ಹಗಲು ರಾತ್ರಿ ಸೊಪ್ಪು ಹಾಕಿದ್ದು ಯಾರು, ನೀನಾ?”

ಹುಳು ಕೊನೆಯ ಸಲ ಪೊರೆ ಬಿಟ್ಟೆದ್ದ ಮೇಲೆ ಎಂಟು ದಿನ ಸಾಕುವವರಿಗೆ ನಿದ್ದೆ ಇಲ್ಲ. ಅದು ಅವನಿಗೂ ಗೊತ್ತಿತ್ತು, ಒಪ್ಪಿಕೊಂಡ. ಪಕ್ಕದ ಮನೆಯ ಮುನಿಶಾಮಮ್ಮ ಸುದ್ದಿ ಕೇಳಿ ಕೆನ್ನೆಗೆ ಕೈಹಚ್ಚಿದಳು. “ಏನ್ ಕದಿರಮ್ಮಾ, ಮೊಮ್ಮಕ್ಕಳನ್ನ ಆಡ್ಸೋ ವಯಸ್ನಾಗೆ ಗಂಡನ್ ಜತೆ ಷಿಕಾರಾ?” ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕದಿರಮ್ಮ ನಕ್ಕಳು. ಅವಳ ಲೆಕ್ಕ ಸರಳವಾಗಿತ್ತು. ದೋಣಿ ಆರು ಮೊಳ ಅಗಲವಂತೆ. ಅಲ್ಲಿ ಊರಕಟ್ಟೆ ಇಲ್ಲ, ಕೆರೆಯಂಗಳ ಇಲ್ಲ. ಎಂಟು ಹತ್ತು ದಿನ ಇಬ್ಬರೇ. ಅಲ್ಲೂ ಕೇಳದೆ ಎಲ್ಲಿಗೆ ಹೋದಾನು?

ಸಂಕ್ರಾಂತಿ ಮುಗಿಸಿಕೊಂಡು ಹೊರಟರು. ಕೊನೆಯ ಬೆಳೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದಾಯಿತು. ರಾಗಿ ಹಿಟ್ಟು, ಹುರಿಹಿಟ್ಟು, ಹುರುಳಿ, ಒಣಗಿಸಿದ ಅವರೆಕಾಳು, ಹುಣಸೆಹಣ್ಣು, ಒಂದು ಭರಣಿ ಮಾವಿನಕಾಯಿ, ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ರೈಲಿಗೆ ಹಾಕಿದಳು.

ಗೋವೆಯಲ್ಲಿ ದೋಣಿಯನ್ನು ಕಂಡಾಗ ಅವಳಿಗೆ ಅನ್ನಿಸಿದ್ದು, ಇದೊಂದು ತೊಟ್ಟಿಲು ಎಂದು. ಮೂವತ್ತಡಿ ಉದ್ದ, ಬಿಳಿ ಬಣ್ಣ. ಒಳಗೆ ಬಗ್ಗಿ ನಡೆಯಬೇಕಾದ ಒಂದು ಗೂಡು. ಅದರಲ್ಲಿ ಒಬ್ಬರು ಮಲಗುವಷ್ಟು ಹಲಗೆ, ಸೀಮೆಎಣ್ಣೆ ಸ್ಟವ್ವು, ಎರಡು ನೀರಿನ ಪೀಪಾಯಿ. ಹಿಂದುಗಡೆ ಚುಕ್ಕಾಣಿಯ ಮರದ ಕೋಲು. ಬಂದರು ದಾಟಿ ದಡ ನೀಲಿ ಗೆರೆಯಾದ ಮೇಲೆ ಆ ಗೆರೆಯೂ ಅಳಿಸಿಹೋಯಿತು. ಮೀನು ಬಲೆಗಳ ಕಾಟ ತಪ್ಪಿಸಲು ಚೆನ್ನರಾಯಪ್ಪ ದೋಣಿಯನ್ನು ದೂರಕ್ಕೆ, ಮೂವತ್ತು ನಲವತ್ತು ಮೈಲಿ ಹೊರಕ್ಕೆ ನಡೆಸಿದ.

“ಏನ್ ಮಾವ, ಇದೇನಾ ನಿನ್ನ ಸಮುದ್ರ? ಕಟ್ಟೆನೇ ಇಲ್ವಲ್ಲ.”

“ಕಟ್ಟೋರು ಸಿಕ್ಕಿಲ್ಲ. ನಿಮ್ಮ ಮುತ್ತಾತನ್ನ ಕೇಳ್ಬೇಕಾಗಿತ್ತು.”

ಅಷ್ಟು ಹೇಳಿ ಇಬ್ಬರೂ ನಕ್ಕದ್ದೇ ಆ ಯಾನದ ಮೊದಲ ನಾಲ್ಕು ದಿನಗಳ ದೊಡ್ಡ ಮಾತು. ಆಮೇಲೆ ಅವಳು ಒಂದೂವರೆ ದಿನ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿಕೊಂಡಳು. ಅವನು ಚುಕ್ಕಾಣಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಹುಣಸೆ ನೀರು ಕುಡಿಸಿದ, ತಲೆ ಒರೆಸಿದ. ಎರಡನೆಯ ದಿನದ ಮಧ್ಯಾಹ್ನ ಎದ್ದು ಕುಳಿತಳು. ಮೂರು ಗಂಟೆಯ ಹೊತ್ತಿಗೆ ಚುಕ್ಕಾಣಿ ಕಲಿತಳು. ಎಡಕ್ಕೆ ಹೋಗಬೇಕಾದರೆ ಕೋಲನ್ನು ಬಲಕ್ಕೆ ತಳ್ಳಬೇಕು. ಎತ್ತಿನ ಮೂಗುದಾರಕ್ಕೆ ತಿರುವುಮುರುವಾದ ಲೆಕ್ಕ. ಆದರೂ ಕೈಗೆ ಬೇಗ ಹತ್ತಿತು. ಮುಂದೆ ಗಾಜಿನ ಬಟ್ಟಲಲ್ಲಿ ದಿಕ್ಕು ತೋರಿಸುವ ಮುಳ್ಳು. ಗಾಳಿ ಬಲಗೆನ್ನೆಗೆ ತಾಗುತ್ತಿದ್ದರೆ ದಾರಿ ಸರಿ, ಮೂಗಿಗೆ ಬಡಿದರೆ ತಪ್ಪು. ಅಪ್ಪ ಕೊಂಡಪ್ಪ ಕತ್ತಲಲ್ಲಿ ಕಾಲುವೆಯ ನೀರಿನ ಸದ್ದಿನಲ್ಲೇ ಯಾರ ಗದ್ದೆ ತುಂಬಿತೆಂದು ಹೇಳುತ್ತಿದ್ದ. ಮಗಳು ಕೆನ್ನೆಯಲ್ಲಿ ದಾರಿ ಓದಿದಳು.

ಚೆನ್ನರಾಯಪ್ಪ ಮೊದಲು ಮಾಡಿದ ಏರ್ಪಾಡು ಪಾಳಿ. ನಾಲ್ಕು ಗಂಟೆ ಅವನು, ನಾಲ್ಕು ಗಂಟೆ ಅವಳು. ಚುಕ್ಕಾಣಿಯನ್ನು ಹಗಲೂ ರಾತ್ರಿಯೂ ಒಂದು ಕೈ ಹಿಡಿದಿರಬೇಕು. ಒಬ್ಬರು ಹಿಡಿದರೆ ಒಬ್ಬರು ಮಲಗಬೇಕು. ಅವನ ಕೈಗಡಿಯಾರವನ್ನು ಬಾಗಿಲ ಮೊಳೆಗೆ ನೇತುಹಾಕಿದ್ದ. ಪಾಳಿ ಮುಗಿದರೆ ಮಲಗಿದವರ ಕಾಲು ಮುಟ್ಟಿ ಎಬ್ಬಿಸುವುದು ನೌಕಾಪಡೆಯ ಪದ್ಧತಿಯಂತೆ.

ಕದಿರಮ್ಮ ನೀರಿನ ಉಸ್ತುವಾರಿ ತೆಗೆದುಕೊಂಡಳು. ಅದನ್ನು ಯಾರೂ ಅವಳಿಗೆ ವಹಿಸಲಿಲ್ಲ, ಪೀಪಾಯಿಯ ಬಿರಡೆ ತಾನಾಗಿ ಅವಳ ಕೈಗೆ ಹೋಯಿತು. ಬೆಳಗ್ಗೆ ತಲೆಗೊಂದು ಚೊಂಬು, ಮಧ್ಯಾಹ್ನ ಅರ್ಧ, ಸಂಜೆ ಒಂದು. ಅಡಿಗೆಗೆ ಎರಡು. ಸ್ನಾನ, ಪಾತ್ರೆ, ಬಟ್ಟೆ ಎಲ್ಲಕ್ಕೂ ಕಡಲ ನೀರು. ಉಪ್ಪು ಉಳಿಯಿತಲ್ಲ ಎಂದು ಮೊದಲ ಮುದ್ದೆಗೆ ಪೂರಾ ಕಡಲ ನೀರನ್ನೇ ಇಟ್ಟು ತಿರುವಿದಳು. ಚೆನ್ನರಾಯಪ್ಪ ಒಂದು ತುತ್ತು ಬಾಯಿಗಿಟ್ಟು, ಉಗುಳಲೂ ಆಗದೆ ನುಂಗಲೂ ಆಗದೆ ಹೆಂಡತಿಯ ಮುಖ ನೋಡಿದ. ಅವಳು ತಾನೂ ಒಂದು ತುತ್ತು ತಿಂದು, ತಟ್ಟೆಯನ್ನು ಕಿತ್ತುಕೊಂಡು ಮುದ್ದೆಯನ್ನು ಮೀನಿಗೆ ಎಸೆದಳು. “ಮೀನಿಗೂ ಬೇಡ್ವಂತೆ” ಎಂದ ಅವನು. ಆಮೇಲಿಂದ ನಾಲ್ಕು ಪಾಲು ಸಿಹಿನೀರಿಗೆ ಒಂದು ಪಾಲು ಕಡಲ ನೀರು. ಮುದ್ದೆ ಹದವಾಗಿ ಬಂತು, ಉಪ್ಪು ಹಾಕುವ ಕೆಲಸ ತಪ್ಪಿತು.

ಊಟ ಮಾತ್ರ ಜೊತೆಯಲ್ಲಲ್ಲ. ಬಡಿಸಿಟ್ಟು ಅವಳು ಕೋಲು ಹಿಡಿಯಬೇಕು, ಅವನು ಉಣ್ಣಬೇಕು. ಅವನು ಉಂಡು ಬಂದು ಕೋಲು ಹಿಡಿದರೆ ಅವಳು ಉಣ್ಣಬೇಕು. ಅವಳ ಊಟ ಮುಗಿಯುವ ಹೊತ್ತಿಗೆ ಮಲಗುವ ಪಾಳಿ ಯಾರದೋ ಅವರ ಕಣ್ಣು ಎಳೆಯುತ್ತಿರುತ್ತಿತ್ತು. ಮಲಗುವ ಹಲಗೆ ಒಂದೇ. ಅವನು ಎದ್ದ ಹಾಸಿಗೆಯ ಬಿಸಿಯಲ್ಲಿ ಅವಳು ಮಲಗುತ್ತಿದ್ದಳು. ಅವನ ಬೆನ್ನು ತಾಗಿದ್ದ ಜಾಗ ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಆ ನಾಲ್ಕು ದಿನಗಳಲ್ಲಿ ಅವನಿಗೆ ಅತಿ ಹತ್ತಿರ ಹೋದದ್ದೆಂದರೆ ಅಷ್ಟೇ.

ಅವಳ ಪಾಳಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ನೀರು ಮತ್ತು ಆಕಾಶ. ಹೆಸರಿಲ್ಲದ ಒಂದೊಂದು ಹಕ್ಕಿ ಬಂದು ಹಾಯಿಯ ತುದಿಯಲ್ಲಿ ಸುತ್ತಿ ಹೋಗುತ್ತಿತ್ತು. ಊರಲ್ಲಿ ಒಂಟಿಯಾಗಿದ್ದಾಗಲೂ ಯಾರದೋ ದನ ಅರಚುತ್ತಿತ್ತು, ಯಾರದೋ ಜಗಳ ಕೇಳುತ್ತಿತ್ತು. ಇಲ್ಲಿ ದೋಣಿಯ ಹೊಟ್ಟೆಗೆ ನೀರು ತಟ್ಟುವ ಸದ್ದು, ಒಳಗೆ ಗಂಡನ ಗೊರಕೆ. ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಮನುಷ್ಯನಿದ್ದೂ ಈ ಪಾಟಿ ಒಂಟಿಯಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಚುಕ್ಕಾಣಿಯ ಕೋಲಿನ ಜೊತೆ ಮಾತಾಡಲು ಶುರುಮಾಡಿದಳು. “ಅಂಗೆ ಸರಿದ್ಯೇನಪ್ಪಾ, ಇಂಗೆ ಬಾ.” ಬರಬರುತ್ತ ಅದಕ್ಕೂ ಬೇಸರವಾಯಿತು.

ಅವನೊಂದು ನೋಟುಬುಕ್ಕು ಇಟ್ಟಿದ್ದ. ಪ್ರತಿ ಪಾಳಿಯ ಕೊನೆಗೆ ಅದರಲ್ಲಿ ಬರೆಯುತ್ತಿದ್ದ. ಅವನು ಮಲಗಿದ್ದಾಗ ಅವಳು ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ತೆರೆದಳು. ‘ಗಾಳಿ ವಾಯವ್ಯ, ಮೆಲ್ಲಗೆ. ಕಡಲು ಶಾಂತ. ಎಲ್ಲ ಸರಿ.’ ಮುಂದಿನ ಹಾಳೆ. ‘ಗಾಳಿ ಉತ್ತರ. ಹಾಯಿ ಬದಲಿಸಿದೆ. ಎಲ್ಲ ಸರಿ.’ ಇನ್‌ಲ್ಯಾಂಡ್ ಕಾಗದದ ಅದೇ ಕೈಬರಹ, ಅದೇ ಮಾತು. ಹಿಂದೆ ಮುಂದೆ ತಿರುಗಿಸಿ ನೋಡಿ ಮುಚ್ಚಿಟ್ಟಳು.

ಮೂರನೆಯ ದಿನ ಅವಳಿಗೊಂದು ಅನುಮಾನ ಹುಟ್ಟಿತು. ಅವಳು ಎದ್ದಾಗಲೆಲ್ಲ ಗಡಿಯಾರದಲ್ಲಿ ಐದು, ಐದೂವರೆ, ಕೆಲವು ಸಲ ಆರು ಗಂಟೆ ಕಳೆದಿರುತ್ತಿತ್ತು. ಅವನು ಎಬ್ಬಿಸುತ್ತಲೇ ಇರಲಿಲ್ಲ. ಅವಳು ಎದ್ದು ಹೊರಗೆ ಬಂದರೆ ಕಣ್ಣು ಕೆಂಪಗೆ ಮಾಡಿಕೊಂಡು ಕೋಲು ಕೊಟ್ಟು, ಒಂದು ಮಾತಾಡದೆ ಒಳಗೆ ಹೋಗಿ ಕಂಬಳಿಯೊಳಗೆ ಬಿದ್ದುಬಿಡುತ್ತಿದ್ದ. ‘ನನ್ನ ಜೊತೆ ಎಚ್ಚರವಾಗಿ ಕೂರುವುದು ಬೇಡ ಇವನಿಗೆ’ ಎಂದು ಅವಳಿಗೆ ಹೊಳೆಯಿತು. ‘ನಾನು ಮಲಗಿದ್ದರೇ ಇವನಿಗೆ ಚೆಂದ. ಆ ಮಾತು ಎಲ್ಲಿ ಬಂದುಬಿಡುತ್ತದೋ ಎಂದು ಹೆದರಿದ್ದಾನೆ.’ ಸರಿ, ಹಾಗಾದರೆ ನೀನೂ ಮಲಗು ಎಂದು ತಾನೂ ಅವನನ್ನು ಎಬ್ಬಿಸಲಿಲ್ಲ. ಎಬ್ಬಿಸಲು ಅವಳಿಗೆ ಬರುತ್ತಲೂ ಇರಲಿಲ್ಲ ಎನ್ನಿ. ಒಂದು ಸಲ ಒಳಗೆ ಬಗ್ಗಿ ಅವನ ಪಾದದ ಹತ್ತಿರ ಕೈ ತೆಗೆದುಕೊಂಡು ಹೋಗಿ, ಹಾಗೇ ವಾಪಸು ಬಂದಳು. ಮಲಗಿದ ಗಂಡಸನ್ನು ಆ ಮನೆಯ ಹೆಂಗಸು ಯಾವತ್ತು ಎಬ್ಬಿಸಿದ್ದಾಳೆ?

ಹೀಗೆ ನಾಲ್ಕು ಗಂಟೆಯ ಪಾಳಿ ಐದಾಯಿತು, ಆರಾಯಿತು, ಏಳಕ್ಕೂ ಹೋಯಿತು. ಒಬ್ಬರು ಎದ್ದಾಗ ಇನ್ನೊಬ್ಬರು ಸತ್ತು ಸುಣ್ಣವಾಗಿರುತ್ತಿದ್ದರು.

“ಯಾಕೆ ಎಬ್ಬಿಸ್ಲಿಲ್ಲ?” ಎನ್ನುತ್ತಿದ್ದ ಅವನು.

“ಮಲಗಿದ್ದೆ” ಎನ್ನುತ್ತಿದ್ದಳು ಅವಳು.

ನಾಲ್ಕನೆಯ ದಿನ ಬೆಳಗಿನ ಜಾವ ಅವಳಿಗೆ ತಾನಾಗಿ ಎಚ್ಚರವಾಯಿತು. ಕಣ್ಣು ತೆರೆಯದೆ ಮಲಗಿದ್ದಳು. ಬಾಗಿಲ ಹತ್ತಿರ ಸದ್ದಾಯಿತು. ಚೆನ್ನರಾಯಪ್ಪ ಚುಕ್ಕಾಣಿಯ ಕೋಲಿಗೆ ಹಗ್ಗ ಸುತ್ತಿಟ್ಟು, ಒಂದು ಗಳಿಗೆಗೆಂದು ಒಳಗೆ ಬಗ್ಗಿದ್ದ. ಮೊಳೆಯ ಗಡಿಯಾರವನ್ನು ಬೆಳಕಿಗೆ ತಿರುಗಿಸಿ ನೋಡಿದ. ಅವಳ ಕಾಲಿನ ಕಡೆ ಕೈ ಚಾಚಿದ. ಈಗ ಮುಟ್ಟುತ್ತಾನೆ ಎಂದುಕೊಂಡಳು. ಅವನು ಮುಟ್ಟಲಿಲ್ಲ. ಸರಿದಿದ್ದ ಕಂಬಳಿಯನ್ನು ಪಾದದ ಮೇಲೆ ಎಳೆದು, ಉಸಿರು ಬಿಗಿಹಿಡಿದು, ತೂಕಡಿಸುತ್ತ ವಾಪಸು ಹೋಗಿ ಕೋಲು ಹಿಡಿದು ಕುಳಿತ. ಒಂದೆರಡು ಸಲ ಅವನ ತಲೆ ಎದೆಯ ಮೇಲೆ ಬಿದ್ದು ಎದ್ದದ್ದು ಬಾಗಿಲ ಸಂದಿಯಲ್ಲಿ ಕಂಡಿತು.

ಕದಿರಮ್ಮ ಹಲಗೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದಳು. ಇವನೂ ಅದೇ ಮನೆಯಲ್ಲಿ ಬೆಳೆದವನಲ್ಲವೇ? ಮಲಗಿದವರನ್ನು ಎಬ್ಬಿಸಲಾರದೆ ಇಬ್ಬರೂ ಇಷ್ಟು ದಿನ ಒಬ್ಬರಿಗೊಬ್ಬರು ಎಚ್ಚರವಾಗಿ ಸಿಕ್ಕೇ ಇಲ್ಲ. ಎದ್ದು ಹೋಗಿ ಕೋಲು ತೆಗೆದುಕೊಂಡಳು.

“ಇನ್ನೂ ಹೊತ್ತೈತೆ ಕಣೇ, ಮಲಗು” ಎಂದ.

“ಸುಳ್ಳು ಹೇಳಬ್ಯಾಡ ಮಾವ. ಹೋಗು ಒಳಗೆ.”

ಅದೇ ದಿನ ಮಧ್ಯಾಹ್ನ ಗಾಳಿ ಬಿತ್ತು.

ಮೊದಲು ಹಾಯಿ ಸುಕ್ಕಾಯಿತು, ಆಮೇಲೆ ಜೋಲುಬಿತ್ತು. ಸಂಜೆಯ ಹೊತ್ತಿಗೆ ಕಡಲು ಎಣ್ಣೆ ಹೊಯ್ದ ಹಾಗೆ ನಿಂತಿತ್ತು. ದೋಣಿ ನಿಂತಲ್ಲೇ ಮೆಲ್ಲಗೆ ಹೊರಳುತ್ತಿತ್ತು. ಐದನೆಯ ದಿನವೂ ಹಾಗೇ. ಮಂಗಳೂರಿನ ನೇರಕ್ಕೆ ಬಂದಿದ್ದೇವೆ ಎಂದ ಚೆನ್ನರಾಯಪ್ಪ. ದಡ ಮಾತ್ರ ಕಾಣಿಸುತ್ತಿರಲಿಲ್ಲ. ಕದಿರಮ್ಮ ಪೀಪಾಯಿಯೊಳಗೆ ಕೋಲು ಇಳಿಸಿ ನೋಡಿದಳು. ಹೀಗೇ ನಿಂತರೆ ಮೂರು ದಿನದ ನೀರು. ಸಂಜೆಯ ಚೊಂಬನ್ನು ಮುಕ್ಕಾಲು ಮಾಡಿದಳು. ಅವನು ಏನೂ ಕೇಳಲಿಲ್ಲ, ಕೊಟ್ಟಷ್ಟು ಕುಡಿದ.

ಆರನೆಯ ದಿನ ಬೆಳಗ್ಗೆ ಹಾಯಿಗಳನ್ನು ಇಳಿಸಿ ಸುತ್ತಿ ಕಟ್ಟಿದರು. ಚುಕ್ಕಾಣಿಗೆ ಕೆಲಸವಿರಲಿಲ್ಲ. ಹಿಡಿದರೂ ಒಂದೇ ಬಿಟ್ಟರೂ ಒಂದೇ. ಯಾರೂ ಮಲಗಬೇಕಾಗಿರಲಿಲ್ಲ, ಇಬ್ಬರಿಗೂ ನಿದ್ದೆ ತೀರಿತ್ತು. ಮೊದಲ ಸಲ ಒಂದೇ ತಟ್ಟೆಯ ಎರಡು ಕಡೆ ಕುಳಿತು ಹುರಿಹಿಟ್ಟು ಬೆಲ್ಲ ಉಂಡರು. ಸುತ್ತಿಟ್ಟ ಹಾಯಿಯ ನೆರಳು ಒಂದು ಮೊಳ ಅಗಲ ಬಿದ್ದಿತ್ತು, ಆ ನೆರಳಿಗೆ ಇಬ್ಬರೂ ಸರಿದು ಕುಳಿತರು. ಭುಜಕ್ಕೆ ಭುಜ ತಾಗಿತು. ಹೀಗೆ ಹಗಲು ಹೊತ್ತಿನಲ್ಲಿ ಗಂಡನ ಪಕ್ಕ ಕೈಕಟ್ಟಿ ಕುಳಿತದ್ದು ಅವಳಿಗೆ ನೆನಪಿರಲಿಲ್ಲ.

ಅವನು ಹಗ್ಗದ ತುದಿಯೊಂದನ್ನು ಬಿಚ್ಚುತ್ತಿದ್ದ, ಮತ್ತೆ ಹೊಸೆಯುತ್ತಿದ್ದ.

“ಇಂಗೇ ಇತ್ತು ಅವತ್ತೂ” ಎಂದ.

“ಯಾವತ್ತು?”

“ಮೇಷ್ಟರ ಕಾರ್ಡು ಬಂದ ದಿನ. ಗಾಳಿನೇ ಇರ್ಲಿಲ್ಲ. ಕಾರ್ಡು ಓದ್ಕೊಂಡೆ. ನನ್ನ ಪಾಳಿ ಇತ್ತು, ಹೋಗಿ ನಿಂತ್ಕೊಂಡೆ.”

ಅವಳು ಉಸಿರೆತ್ತಲಿಲ್ಲ. ಎತ್ತಿದರೆ ಹಕ್ಕಿ ಹಾರಿಹೋಗುತ್ತದೆ ಎಂಬಂತೆ ಕುಳಿತಿದ್ದಳು.

“ಊರಿಗೆ ಬಂದಾಗ ಕೇಳಣಾ ಅಂತ ಬಾಯಿತನಕ ಬರ್ತಿತ್ತು ಕಣೇ. ನಿನ್ನ ಮಕ ನೋಡಿದ್ರೆ, ಈಗಿನ್ನ ಒಂಚೂರು ಕಣ್ಮುಚ್ಚವ್ಳೆ, ಯಾಕೆ ಎಬ್ಬಿಸ್ಬೇಕು ಅನ್ಸೋದು. ಮುಂದಿನ ರಜಕ್ಕೆ ಅಂದ್ಕೊಳ್ಳೋದು. ಅಂಗೇ ಆಗೋಯ್ತು.”

“ನಾನು ಕಣ್ಮುಚ್ಚೇ ಇರ್ಲಿಲ್ಲ ಮಾವ.”

“ಈಗ ಗೊತ್ತಾಯ್ತು.” ಹಗ್ಗವನ್ನು ಕೆಳಗಿಟ್ಟ. ಅವಳ ಕಡೆ ತಿರುಗಲಿಲ್ಲ, ನೀರನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ. “ಯಾವ ಬಸ್ಸಲ್ಲಿ ಹೋದೆ ಅವತ್ತು?”

ಹದಿನಾಲ್ಕು ವರ್ಷ ಅವಳು ಕಾದದ್ದು ‘ಮಗು ಹೇಗೆ ಹೋಯಿತು’ ಎಂಬ ಮಾತಿಗೆ. ಅವನು ಕೇಳಿದ್ದು ಬಸ್ಸಿನ ವಿಷಯ. ಅದೇ ಸರಿಯಾಗಿತ್ತು. ಅವಳು ಮನಸ್ಸಿನಲ್ಲಿ ಹೇಳಿ ನೋಡುತ್ತಿದ್ದದ್ದೂ ಬಸ್ಸಿನಿಂದಲೇ ಶುರುವಾಗುತ್ತಿತ್ತು.

“ಏಳು ಗಂಟೆದು” ಎಂದಳು. “ಶಿಡ್ಲಘಟ್ಟಕ್ಕೆ. ಅಮ್ಮ ಬರ್ತೀನಿ ಅಂದ್ಲು, ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ನಿಂತಿತ್ತು, ಬ್ಯಾಡ ಅಂದೆ. ಕೂಸು ಉಸಿರು ಎಳೀತಿತ್ತು, ಬಾಗ್ಲ ಸಂದ್ಯಾಗೆ ಗಾಳಿ ಹೋದಂಗೆ ಸದ್ದು. ಕಿಟಕಿ ಪಕ್ಕ ಕುಂತ್ಕೊಂಡೆ. ಮಳೆ ಜಿನುಗ್ತಿತ್ತು. ಹನಿ ಬಿದ್ರೆ ಕೈ ಚಾಚ್ತಿತ್ತು ಮಾವ, ಆ ಸಂಕಟದಾಗೂ.”

ಅವನು ತಲೆ ಆಡಿಸಿದ.

“ಶಿಡ್ಲಘಟ್ಟದಾಗೆ ಇಳಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಅಲ್ಲಿ ದೊಡ್ಡಾಸ್ಪತ್ರೆ ಐತಲ್ಲ. ಬಸ್ಸು ಇನ್ನೂ ಹೊಂಟಿರ್ಲಿಲ್ಲ. ಡ್ರೈವರು ಟೀ ಕುಡಿಯಕ್ಕೆ ಹೋಗಿದ್ದ. ಆಗ…”

ಮಾತು ನಿಂತಿತು. ಮುಂದಿನದೇ ಅವಳು ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಊರವರಿಗೆ ಅವಳು ಆಸ್ಪತ್ರೆಯಲ್ಲಿ ಹೋಯಿತು ಎಂದಿದ್ದಳು. ಮಗು ಹೋದದ್ದು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ, ನಿಂತ ಬಸ್ಸಿನಲ್ಲಿ, ಅವಳ ತೊಡೆಯ ಮೇಲೆ. ಗೊತ್ತಾದರೆ ಇಳಿಸಿಬಿಡುತ್ತಾರೆಂದು ಅವಳು ಅಲುಗಾಡಲಿಲ್ಲ. ಬಸ್ಸು ಹೊರಟಿತು. ಕಂಡಕ್ಟರ್ ಬಂದಾಗ ‘ಮಲಗೈತೆ’ ಎಂದಳು. ಚಿಕ್ಕಬಳ್ಳಾಪುರದ ತನಕ ಹೋದಳು, ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ವಾಪಸು ಬಂದಳು, ಮತ್ತೆ ಕೇಳಿದವರಿಗೆಲ್ಲ ‘ಮಲಗೈತೆ’ ಎಂದಳು. ಪಕ್ಕದಲ್ಲಿ ಕುಳಿತಿದ್ದ ಬುರ್ಖಾದ ಹೆಂಗಸೊಬ್ಬಳಿಗೆ ಮಾತ್ರ ಗೊತ್ತಾಗಿತ್ತು. ಅವಳು ಯಾರಿಗೂ ಹೇಳದೆ ತನ್ನ ಕರವಸ್ತ್ರವನ್ನು ಬಿಚ್ಚಿ ನೊಣ ಕೂರದ ಹಾಗೆ ಮಗುವಿನ ಮುಖಕ್ಕೆ ಹೊದಿಸಿದ್ದಳು. ಅವಳ ಹೆಸರೂ ಕೇಳಲಿಲ್ಲ. ಶಿಡ್ಲಘಟ್ಟದಲ್ಲಿ ಇಳಿದಾಗಲೇ ಅಲ್ಲಿನ ಒಬ್ಬ ಡಾಕ್ಟರನ್ನು ಕಂಡಿದ್ದರೆ ಎಂಬುದೊಂದು ಮುಳ್ಳು, ಸತ್ತ ಕೂಸನ್ನು ಹೊತ್ತು ಊರೂರು ತಿರುಗಿಸಿದೆನಲ್ಲ ಎಂಬುದು ಇನ್ನೊಂದು. ಎರಡನ್ನೂ ಎದೆಯಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಸೊಪ್ಪು ಕೊಯ್ದಿದ್ದಳು.

“ಆಗ ಏನಾಯ್ತು?” ಎಂದ ಚೆನ್ನರಾಯಪ್ಪ. ಈಗ ಅವನು ಅವಳ ಕಡೆ ತಿರುಗಿದ್ದ. “ಹೇಳು ಕದಿರೀ. ಎಲ್ಲಾ ಹೇಳು. ನಾನೇನೂ ಎದ್ದೋಗಲ್ಲ.”

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪಡುವಣದ ಕಡೆಯಿಂದ ಡಬಡಬ ಎನ್ನುವ ಸದ್ದು ಕೇಳಿಸಿತು.

ಮೀನು ಹಿಡಿಯುವ ದೊಡ್ಡ ದೋಣಿಯೊಂದು ಹೊಗೆ ಬಿಡುತ್ತ ನೆಟ್ಟಗೆ ಇವರ ಕಡೆಗೇ ಬಂತು. ಇಳಿಸಿದ ಹಾಯಿ ಕಂಡು ಏನೋ ಆಪತ್ತೆಂದುಕೊಂಡು ಬಂದವರು. ಹತ್ತು ಮಾರು ದೂರದಲ್ಲಿ ನಿಂತರು. ಎಂಜಿನ್ ಆರಿಸಲಿಲ್ಲ. ತಲೆಗೆ ಟವಲು ಸುತ್ತಿದ್ದ ನಡುವಯಸ್ಸಿನ ತಂಡೇಲ, ಆ ದೋಣಿಯ ಮುಖ್ಯಸ್ಥ, ಮುಂದೆ ಬಂದು ನಿಂತ.

“ಓಯ್! ತೊಂದರೆ ಉಂಟಾ?”

“ಗಾಳಿ ಇಲ್ಲ” ಎಂದು ಕೂಗಿದ ಚೆನ್ನರಾಯಪ್ಪ.

“ಕಾಣ್ತದಲ್ಲ ಮಾರಾಯ್ರೆ! ಮತ್ತೆ ಎಂಜಿನು?”

“ಕೆಟ್ಟೈತೆ!”

ತಂಡೇಲ ಹಣೆ ಚಚ್ಚಿಕೊಂಡ. ಅವನ ಹಿಂದಿದ್ದ ಮೂವರು ನಕ್ಕರು. “ಹೆಂಗಸನ್ನು ಬೇರೆ ಕೂರಿಸಿಕೊಂಡು ಬಂದದ್ದಾ? ಇದು ಪಿಕ್‌ನಿಕ್ ಮಾಡುವ ಜಾಗವಾ? ನಾವು ಮಂಗಳೂರಿಗೆ ಹೋಗುವುದು. ಹಗ್ಗ ಬಿಸಾಡ್ತೇವೆ, ಮುಂದಕ್ಕೆ ಕಟ್ಟಿಕೊಳ್ಳಿ. ಸಂಜೆಗೆ ಬಂದರು ಮುಟ್ಟಿಸ್ತೇವೆ. ನಾಳೆಯೂ ಗಾಳಿ ಬರುವುದಿಲ್ಲ, ಬರೆದುಕೊಳ್ಳಿ!”

ಹಗ್ಗದ ಸುರುಳಿ ಹಾರಿ ಬಂದು ದೋಣಿಯ ಮುಂಭಾಗದಲ್ಲಿ ಬಿತ್ತು. ಚೆನ್ನರಾಯಪ್ಪನ ಕೈ ಅಭ್ಯಾಸಬಲದಿಂದ ಅದರ ಕಡೆ ಹೋಯಿತು. ನೌಕಾಪಡೆಯ ಮನುಷ್ಯ, ಬಂದ ಹಗ್ಗವನ್ನು ಬಿಡುವವನಲ್ಲ. ಪೀಪಾಯಿಯ ತಳ ಅವನಿಗೂ ಗೊತ್ತಿತ್ತು. ಅರ್ಧ ಎದ್ದವನು ಹೆಂಡತಿಯ ಮುಖ ನೋಡಿ ಹಾಗೇ ನಿಂತ.

ಕದಿರಮ್ಮನಿಗೆ ಎಲ್ಲ ಒಂದೇ ಗಳಿಗೆಯಲ್ಲಿ ಕಂಡಿತು. ಹಗ್ಗ ಕಟ್ಟಿದರೆ ಒಬ್ಬರು ಚುಕ್ಕಾಣಿ ಹಿಡಿಯಬೇಕು, ಒಬ್ಬರು ಮುಂದೆ ನಿಂತು ಹಗ್ಗ ನೋಡಬೇಕು. ಸಂಜೆಗೆ ಬಂದರು, ಜನ, ಗದ್ದಲ, ಕೊಚ್ಚಿಗೆ ಫೋನು, ಊರಿಗೆ ಬಸ್ಸು. ಊರಲ್ಲಿ ಕಟ್ಟೆ ಇದೆ, ಕೆರೆಯಂಗಳ ಇದೆ. ಅವಳು ಮುಂದಕ್ಕೆ ಹೋದಳು. ಬಗ್ಗಿ ಹಗ್ಗದ ತುದಿಯನ್ನು ಎತ್ತಿಕೊಂಡಳು. ತಂಡೇಲ “ಹಾಂ, ಅಲ್ಲೇ, ಆ ಗೂಟಕ್ಕೆ” ಎಂದು ಕೈ ತೋರಿಸಿದ. ಅವಳು ಅದನ್ನು ಸುತ್ತಿ ಗಂಟುಮಾಡಿ ಎರಡೂ ಕೈಯಿಂದ ಬೀಸಿ ನೀರಿಗೆ ಎಸೆದಳು.

“ಅಯ್ಯಯ್ಯೋ, ಎಂತ ಮಾಡಿದ್ರಿ ಅಮ್ಮ!”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಗಳೆರಡನ್ನೂ ಬಾಯಿಗೆ ಹಿಡಿದು ಕದಿರಮ್ಮ ಕೂಗಿ ಹೇಳಿದಳು:

“ಬ್ಯಾಡಪ್ಪಾ! ಹಗ್ಗ ಎಳ್ಕೋ. ಒಳ್ಳೆ ಮನಸ್ನಾಗೆ ಬಂದಿದೀಯ, ನಿನ್ ಹೆಂಡ್ತಿ ಮಕ್ಳು ತಣ್ಣಗಿರ್ಲಿ. ನಮಗೆ ಆತ್ರ ಇಲ್ಲ. ಗಾಳಿ ನಾಳೆ ಬರ್ಲಿ, ನಾಳಿದ್ದು ಬರ್ಲಿ, ಬಂದಾಗ ಬರ್ತೀವಿ. ನೀರು ನಾನು ನೋಡ್ಕೋತೀನಿ. ನಮ್ಮೆಜಮಾನ್ರು ಈಗಿನ್ನ ಒಂದ್ ಮಾತು ಕೇಳವ್ರೆ, ಅದನ್ನ ನಾನು ಪೂರಾ ಹೇಳ್ಬೇಕು. ನೀನು ನಡಿಯಪ್ಪಾ ಮುಂದಕ್ಕೆ, ನಿನ್ನ ಎಂಜಿನ್ ಸದ್ದಿಗೆ ಏನೂ ಕೇಳಿಸ್ತಿಲ್ಲ!”